ಅಜ್ಜಿ ನಕ್ಕಿದ್ದು ಯಾವುದಕ್ಕೆ?

ಈ ಸಲದ ಬರಹ ಒಂದು ನಗುವಿನ ಬಗ್ಗೆ. ಹೆಚ್ಚೆಂದರೆ ನಾಲ್ಕು ಸೆಕೆಂಡಿನ ನಗು. ಅದನ್ನು ನಾನು ಒಂದು ಜಾಗದಿಂದ ಕಿತ್ತು ಇನ್ನೊಂದು ಜಾಗದಲ್ಲಿ ಅಂಟಿಸಿದೆ. ನಾನು ಮಾಡಿದ್ದು ಸುಳ್ಳಾ, ಅಲ್ವಾ? ನಿಮ್ಮ ಮನೆಯ ಬೀರುವಿನಲ್ಲೂ ಹಳೇ ಟೇಪುಗಳಿದ್ದರೆ ಈ ಪ್ರಶ್ನೆ ನಿಮ್ಮದೂ ಹೌದು.

ನನ್ನ ಚಿಕ್ಕಪ್ಪ 1999ರಲ್ಲಿ ಕೆಲಸಕ್ಕೆ ಅಂತ ಐಂಡ್‌ಹೋವನ್‌ಗೆ ಬಂದವರು. ಮಗಳು ಹುಟ್ಟಿದ ವರ್ಷ ಮಿನಿ ಡಿವಿ ಕ್ಯಾಮ್‌ಕಾರ್ಡರ್ ಕೊಂಡರು. ಮೊದಲ ಹಿಮ, ಮೊದಲ ಸೈಕಲ್, ಬಾಡಿಗೆ ಹಾಲ್‌ನಲ್ಲಿ ಯುಗಾದಿ, ಬೇವು ಸಿಗದೆ ಬರೀ ಬೆಲ್ಲ ಹಂಚಿದ್ದು, ಎಲ್ಲಾ ಅದರಲ್ಲಿದೆ. ಈಗ ಅವರಿಗೆ ಅರವತ್ತು. ಅರವತ್ತರ ಶಾಂತಿಗೆ ಬರುವವರಿಗೆ ತೋರಿಸೋಣ ಅಂತ 23 ಟೇಪುಗಳನ್ನು ಶೂ ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. "ನಲವತ್ತು ನಿಮಿಷ ಸಾಕು ಕಣೋ. ಚೆನ್ನಾಗಿರೋದು ಮಾತ್ರ ಹಾಕು," ಅಂದರು.

ಚೆನ್ನಾಗಿರೋದು ಮಾತ್ರ. ನಾನು ಡೇಟಾ ಸೈಂಟಿಸ್ಟ್. ಇಂಥ ಸೂಚನೆಗಳು ದಿನಾ ಬರುತ್ತವೆ, ಕಷ್ಟವೇನಿಲ್ಲ ಅಂದುಕೊಂಡೆ.

ಮಿನಿ ಡಿವಿ ಬಗ್ಗೆ ಎರಡು ಮಾತು ಹೇಳಲೇಬೇಕು. ಇದು 1995ರಲ್ಲಿ ಬಂದ ಡಿಜಿಟಲ್ ಟೇಪು. ಅಗಲ 6.35 ಮಿಲಿಮೀಟರ್, ನಮ್ಮ ಕಿರುಬೆರಳಿನ ಉಗುರಿಗಿಂತ ಕಿರಿದು. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿದರೆ ಸುಮಾರು 13 ಜಿಬಿ. ಡಿಜಿಟಲ್ ಅಂದಮಾತ್ರಕ್ಕೆ ಫೈಲಿನ ಹಾಗೆ ಎಳೆದು ಕಾಪಿ ಮಾಡೋಕೆ ಆಗಲ್ಲ. ಫೈರ್‌ವೈರ್ ಕೇಬಲ್ ಚುಚ್ಚಿ, ಕ್ಯಾಮೆರಾದಲ್ಲಿ ಟೇಪು ಓಡಿಸಬೇಕು. ಒಂದು ಗಂಟೆ ಇಳಿಯೋಕೆ ಒಂದು ಗಂಟೆಯೇ ಬೇಕು. ಇನ್ನೊಂದು ತಮಾಷೆ ಇದೆ. ಆಗ ಯುರೋಪಿನಲ್ಲಿ ಮಾರುತ್ತಿದ್ದ ಎಷ್ಟೋ ಕ್ಯಾಮ್‌ಕಾರ್ಡರ್‌ಗಳಲ್ಲಿ ಡಿಜಿಟಲ್ ಸಿಗ್ನಲ್ ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಒಳಗೆ ತಗೊಂಡರೆ ಅದು ವಿಡಿಯೋ ರೆಕಾರ್ಡರ್ ಲೆಕ್ಕಕ್ಕೆ ಸೇರಿ ಆಮದು ಸುಂಕ ಹೆಚ್ಚಾಗುತ್ತಿತ್ತು, ಅದಕ್ಕೆ ಕಂಪನಿಗಳೇ ಆ ದಾರಿ ಮುಚ್ಚಿದ್ದವು. ಚಿಕ್ಕಪ್ಪನ ಕ್ಯಾಮೆರಾ ಕೂಡ ಅಂಥದ್ದೇ. ನಾನು ಕತ್ತರಿಸಿ ಚಂದ ಮಾಡಿದ್ದನ್ನು ಅದು ವಾಪಸ್ ತಗೊಳ್ಳಲ್ಲ.

ಹೀಗೆ ವಾರಾಂತ್ಯಗಳಲ್ಲಿ ಕೂತು ನೋಡುತ್ತಾ ಹೋದೆ. ಒಂಬತ್ತನೇ ಟೇಪು, ಏಪ್ರಿಲ್ 2004. ತೀರ್ಥಹಳ್ಳಿಯಿಂದ ಅಜ್ಜಿ ಮೂರು ತಿಂಗಳಿಗೆ ಬಂದಿದ್ದಾರೆ. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕತೆ ಏನು ಗೊತ್ತಾ? ಅಜ್ಜಿಗೆ ಹಾಲೆಂಡ್ ಅಂದರೆ ಪ್ರಾಣ, ಕ್ಯೂಕೆನ್‌ಹಾಫ್‌ನ ಟುಲಿಪ್ ನೋಡಿ ಕುಣಿದುಬಿಟ್ಟಿದ್ದರು. ಟೇಪಿನಲ್ಲಿ ಇರೋದು ಬೇರೆ. ಅಜ್ಜಿ ಕಿಟಕಿ ಪಕ್ಕ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ. ಹೊರಗೆ ಮಳೆ. ಕ್ಯಾಮೆರಾ ಹಿಂದಿನಿಂದ ಚಿಕ್ಕಪ್ಪನ ದನಿ:

"ಅಮ್ಮಾ, ಹೂವಿನ ತೋಟ ಹೇಗಿತ್ತು, ಹೇಳು."

ಅಜ್ಜಿ ತಿರುಗಲ್ಲ. "ಬೇಜಾರು ಕಣೋ. ಮಾತಾಡಕ್ಕೆ ಒಬ್ರಿಲ್ಲ. ಟಿಕೆಟ್ ಬೇಗ ಮಾಡ್ಸು, ನಾ ಹೋಗ್ತೀನಿ."

ಒಂದು ಕ್ಷಣ ಮಳೆಯ ಸದ್ದು. ಆಮೇಲೆ ಕಟ್. ಮುಂದಿನ ದೃಶ್ಯದಲ್ಲಿ ಪಾರ್ಕು, ಬಿಸಿಲು. ಕೋಟು ಹಾಕಿಸಿಕೊಂಡ ಒಂದು ನಾಯಿಯನ್ನು ನೋಡಿ ಅಜ್ಜಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾರೆ.

ನಾನು ಏನು ಮಾಡಿದೆ ಅಂದರೆ, ಅಜ್ಜಿಯ ಉತ್ತರ ತೆಗೆದೆ. ಚಿಕ್ಕಪ್ಪನ ಪ್ರಶ್ನೆ ಉಳಿಸಿಕೊಂಡು ಅದರ ಹಿಂದೆಯೇ ನಾಯಿಗೆ ನಕ್ಕ ನಗು ಇಟ್ಟೆ. ನಡುವೆ ಎರಡು ಸೆಕೆಂಡು ಟುಲಿಪ್. ತುಂಬಾ ಚೆನ್ನಾಗಿ ಕೂತಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪರವಾಗಿ ನಾನೇ ವಾದ ಮಾಡಿದೆ. ಒಂದು, 23 ಗಂಟೆ ಯಾರೂ ನೋಡಲ್ಲ, ಕತ್ತರಿ ಹಾಕಲೇಬೇಕು. ಎರಡು, ಕತ್ತರಿ ಹಾಕಿದ್ದು ನಾನೊಬ್ಬನೇ ಅಲ್ಲ. ಚಿಕ್ಕಪ್ಪ ಕೆಂಪು ಬಟನ್ ಒತ್ತಿದ್ದೂ, ಬಿಟ್ಟಿದ್ದೂ ಎಡಿಟಿಂಗೇ. ಅಜ್ಜಿ "ಹೋಗ್ತೀನಿ" ಅಂದ ತಕ್ಷಣ ಕ್ಯಾಮೆರಾ ಆಫ್ ಮಾಡಿದ್ದು ಅವರೇ ತಾನೇ? ಮೂರು, ಅಜ್ಜಿಗೂ ಒಂದು ಮರ್ಯಾದೆ ಇದೆ. ಮಗನ ಹತ್ತಿರ ಆಡಿದ ಮಾತನ್ನು ಎಂಬತ್ತು ಜನ ಊಟದ ಮಧ್ಯೆ ನೋಡಬೇಕಾ?

ಮೂರೂ ಸರಿಯಾದ ವಾದಗಳೇ. ಆದರೆ ಮೂರೂ ಸಮರ್ಥಿಸೋದು ಬಿಟ್ಟುಬಿಡೋದನ್ನು, ಜೋಡಿಸೋದನ್ನಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ. ಅಜ್ಜಿಯ ಬೇಜಾರನ್ನು ತೋರಿಸದೇ ಇರೋದು ಒಂದು. ಅಜ್ಜಿ ಆ ಪ್ರಶ್ನೆಗೆ ನಕ್ಕರು ಅಂತ ತೋರಿಸೋದು ಇನ್ನೊಂದು. ಎರಡನೆಯದರಲ್ಲಿ ಒಂದೊಂದು ಫ್ರೇಮೂ ನಿಜ. ಸುಳ್ಳು ಇರೋದು ಫ್ರೇಮಿನೊಳಗಲ್ಲ, ಎರಡು ಫ್ರೇಮು ಸೇರುವ ಜಾಗದಲ್ಲಿ.

ನಾನು ಮಾಡಿಕೊಂಡ ಪರೀಕ್ಷೆ ಸರಳ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಾರೆ ಅಂದುಕೊಳ್ಳಿ. ಕಿಟಕಿ ದೃಶ್ಯ ಇಲ್ಲದಿದ್ದರೆ, "ಬಿಟ್ಟಿದ್ದೇ ಒಳ್ಳೇದಾಯ್ತು" ಅನ್ನಬಹುದು. ನಗು ನೋಡಿದರೆ, "ನಾ ನಕ್ಕಿದ್ದು ನಾಯಿಗಲ್ವೇನೋ?" ಅಂತ ಕೇಳೇ ಕೇಳುತ್ತಾರೆ. ಆಫೀಸಿನಲ್ಲೂ ನಮಗೆ ಇದೇ ನಿಯಮ. ಲೆಕ್ಕಕ್ಕೆ ಹೊಂದದ ಅಂಕಿಯನ್ನು ಕಾರಣ ಬರೆದಿಟ್ಟು ಕೈಬಿಡಬಹುದು. ಒಬ್ಬರ ಉತ್ತರವನ್ನು ಇನ್ನೊಂದು ಪ್ರಶ್ನೆಯ ಮುಂದೆ ಇಡುವ ಹಾಗಿಲ್ಲ.

ಹಾಗಾದರೆ ಬರೀ ಸಂತೋಷವನ್ನೇ ತೋರಿಸೋದು ತಪ್ಪಾ? ಈ ದೇಶದ್ದೇ ಒಂದು ಉದಾಹರಣೆ ಹೇಳ್ತೀನಿ. ಮ್ಯಾಕ್ಸ್ ಪೇರೆಬೋಮ್ ಅನ್ನುವ ಡಚ್ ಯಹೂದಿ 1930ರ ದಶಕದಿಂದ ತನ್ನ ಮನೆಯವರನ್ನು 8 ಮಿ.ಮೀ. ಕ್ಯಾಮೆರಾದಲ್ಲಿ ಚಿತ್ರಿಸಿದ. ಮದುವೆ, ಮಕ್ಕಳು, ಸಮುದ್ರ ತೀರ. ಹಂಗೇರಿಯ ನಿರ್ದೇಶಕ ಪೀಟರ್ ಫೋರ್ಗಾಚ್ 1997ರಲ್ಲಿ ಆ ಮನೆಚಿತ್ರಗಳಿಂದ 'ದಿ ಮೇಲ್‌ಸ್ಟ್ರಾಮ್' ಅನ್ನುವ ಚಿತ್ರ ಕಟ್ಟಿದರು. ಕೊನೆಯ ಹೊತ್ತಿಗೆ ಮನೆಯವರು ಕೂತು ಬಟ್ಟೆ ಹೊಲಿಯುತ್ತಾ ಪ್ರಯಾಣಕ್ಕೆ ಸಿದ್ಧವಾಗುತ್ತಿದ್ದಾರೆ. ಆ ಪ್ರಯಾಣ ಆಶ್ವಿಟ್ಜ್‌ಗೆ. ನಮ್ಮಜ್ಜಿಯ ಬೇಜಾರನ್ನು ಆ ದುರಂತದ ಪಕ್ಕ ಇಡುತ್ತಿಲ್ಲ, ಇಡಲೂಬಾರದು. ನಾನು ಕಲಿತದ್ದು ಒಂದೇ: ಮ್ಯಾಕ್ಸ್ ಹಿಡಿದ ಸಂತೋಷ ಸುಳ್ಳಲ್ಲ. ಸುತ್ತ ಏನು ನಡೆದಿತ್ತು ಅಂತ ಪಕ್ಕದಲ್ಲಿ ಹೇಳಿದಾಗ ಅದೇ ನಗು ಇನ್ನೂ ನಿಜವಾಗುತ್ತೆ.

ಆ ಜೋಡಣೆಯನ್ನು ಕಿತ್ತುಹಾಕಿದೆ. ಆಮೇಲೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಚಿಕ್ಕಪ್ಪ, ಅಜ್ಜಿ ಕಿಟಕಿ ಹತ್ರ ಕೂತಿರೋದು ಒಂದಿದೆ..." ಅನ್ನುವಷ್ಟರಲ್ಲಿ ಆ ಕಡೆ ಮೌನ.

"ಅದು ಇನ್ನೂ ಇದೆಯಾ?" ಅಂದರು. "ನಾನು ಟಿಕೆಟ್ ಮುಂದಕ್ಕೆ ಹಾಕಿಸ್ಲಿಲ್ಲ ಕಣೋ. ಮೂರು ತಿಂಗಳೂ ಇಟ್ಕೊಂಡೆ. ರಜ ಇರಲಿಲ್ಲ ಅಂತ ಎಲ್ಲರಿಗೂ ಹೇಳ್ದೆ. ನನಗೆ ಅವಳು ಇರಬೇಕಿತ್ತು, ಅಷ್ಟೇ."

ಇಪ್ಪತ್ತೊಂದು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಅಜ್ಜಿ ಕುಣಿದರು ಅನ್ನುವ ಕತೆ ಯಾಕೆ ಹುಟ್ಟಿತು ಅಂತ ಅವತ್ತು ಗೊತ್ತಾಯ್ತು. ನಾನು ಸಲೀಸಾಗಿ ಅಂಟಿಸಿದ್ದ ನಗು ಆ ಕತೆಗೆ ಸಾಕ್ಷಿಯಾಗಿ ಕೂರುತ್ತಿತ್ತು.

ಅರವತ್ತರ ದಿನ ತೋರಿಸಿದ ನಲವತ್ತು ನಿಮಿಷದಲ್ಲಿ ಕಿಟಕಿ ಇಲ್ಲ. ನಾಯಿ ಇದೆ, ನಗು ನಾಯಿಗೇ ಇದೆ. ಇಡೀ 23 ಟೇಪುಗಳು, ಸುಮಾರು 300 ಜಿಬಿ, ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇವೆ. ಏನೇನು ಬಿಟ್ಟೆ ಅಂತ ಒಂದು ಪಟ್ಟಿಯೂ ಇದೆ.

ಒಂಬತ್ತನೇ ಟೇಪನ್ನು ಚಿಕ್ಕಪ್ಪ ಮಗಳ ಜೊತೆ ಕೂತು ನೋಡಿದರು, ನನ್ನನ್ನೂ ಕರೆದಿದ್ದರು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತೆ, ಆಡೋದು ಕಡಿಮೆ. "ಅಜ್ಜಿಗೆ ಬೋರ್ ಆಗಿತ್ತಾ?" ಅಂತ ಕೇಳಿದಳು. ಅವಳ ಮಟ್ಟಿಗೆ ಬೇಜಾರು ಅಂದರೆ ಬೋರ್. ನಾನು ವಿವರಿಸೋಕೆ ಬಾಯಿ ತೆರೆದೆ. ಬೇಜಾರು ಅಂದರೆ ಹೊತ್ತು ಹೋಗದಿರೋದೂ ಹೌದು, ದುಃಖವೂ ಹೌದು, ಯಾರಾದರೂ ನೋಯಿಸಿದಾಗ ಆಗೋದೂ ಹೌದು. ಅಷ್ಟರಲ್ಲಿ ಚಿಕ್ಕಪ್ಪ ಒಂದೇ ಡಚ್ ಪದ ಹೇಳಿದರು: "ಹೈಮ್‌ವೇ." ಊರಿನ ಹಂಬಲ. ಅವಳು ಅಪ್ಪನ ಮುಖ ನೋಡಿ, "ನಿಮಗೂ ಇತ್ತಾ?" ಅಂದಳು. ಅವರು ಉತ್ತರ ಹೇಳುವ ಮೊದಲು ನಾನು ಚಹಾ ಮಾಡ್ತೀನಿ ಅಂತ ಎದ್ದು ಅಡುಗೆಮನೆಗೆ ಹೋದೆ.

ಅಜ್ಜಿಯ ಒಪ್ಪಿಗೆ ಮಾತ್ರ ನನಗೆ ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ಇದನ್ನು ನಿಮಗೆ ಹೇಳಿದ್ದೂ ಸೇರಿ. ನಿಮ್ಮ ಮನೆಯ ಟೇಪುಗಳಲ್ಲಿ ಕ್ಯಾಮೆರಾ ಹಿಂದೆ ನಿಂತಿದ್ದವರು ಇನ್ನೂ ಇದ್ದರೆ, ಕತ್ತರಿ ಎತ್ತಿಕೊಳ್ಳುವ ಮೊದಲು ಒಂದು ಫೋನ್ ಮಾಡಿ.