ನಾಲ್ಕು ದಿಕ್ಕಿನವರಿಗೆ ಒಂದು ಗುಹೆ

ಹೊರಗಿನಿಂದ ಬಂದು ಕೆಲಕಾಲ ತಂಗುವವನಿಗೆ ಆ ನೆಲದ ಮೇಲೆ ಎಷ್ಟು ಹಕ್ಕು? ಆಸ್ಟ್ರೇಲಿಯಾ 2024ರಲ್ಲಿ ಭಾರತದ ಯುವಜನರಿಗೂ ತೆರೆದ ವರ್ಕ್ ಅಂಡ್ ಹಾಲಿಡೇ ವೀಸಾ ಇದಕ್ಕೆ ಲೆಕ್ಕದ ಉತ್ತರ ಕೊಡುತ್ತದೆ. ವರ್ಷಕ್ಕೆ 1000 ಮಂದಿ, ವಯಸ್ಸು 18ರಿಂದ 30, ಆಯ್ಕೆ ಲಾಟರಿಯಿಂದ. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಷ್ಟೇ ದುಡಿಯಬೇಕು. ಎರಡನೇ ವೀಸಾ ಬೇಕೆಂದರೆ ಸರ್ಕಾರ ಗುರುತಿಸಿದ ಪ್ರದೇಶದಲ್ಲಿ, ಗುರುತಿಸಿದ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಅಲೆಮಾರಿಗೆ ಇಂಥ ಕಟ್ಟುಪಾಡೇ ಎಂದು ಸಿಡುಕುವವರಿದ್ದಾರೆ. ಜಾಗ, ಅವಧಿ ಗೊತ್ತುಮಾಡುವುದರಲ್ಲಿ ನನಗೆ ಅನ್ಯಾಯ ಕಾಣುವುದಿಲ್ಲ. ‘ನೀನು ಎಲ್ಲಿ ಹುಟ್ಟಿದವನು’ ಎಂಬುದೇ ಮೊದಲ ಪ್ರಶ್ನೆಯಾದಾಗ ಮಾತ್ರ ತಕರಾರು.

ಈ ಪ್ರಶ್ನೆ ಹಿಂದೆಯೂ ಎದ್ದಿತ್ತು. ಬುದ್ಧನ ಭಿಕ್ಷುಗಳು ಅಲೆದಾಟವನ್ನೇ ವ್ರತವಾಗಿ ಹೊತ್ತವರು. ಮಳೆಗಾಲದಲ್ಲೂ ತಿರುಗುತ್ತ ಹಸಿರು ತುಳಿಯುತ್ತಾರೆ, ಹುಳಹುಪ್ಪಟೆ ಕೊಲ್ಲುತ್ತಾರೆ ಎಂದು ಜನ ದೂರಿದ್ದರಿಂದಲೇ ಮೂರು ತಿಂಗಳು ಒಂದೆಡೆ ನಿಲ್ಲುವ ವರ್ಷಾವಾಸದ ನಿಯಮ ಬಂತೆಂದು ಸಂಘದ ನಿಯಮಗ್ರಂಥ ವಿನಯಪಿಟಕ ಹೇಳುತ್ತದೆ. ಅಂದರೆ ನಿರ್ಬಂಧ ಹುಟ್ಟಿದ್ದೇ ಊರವರ ನ್ಯಾಯವಾದ ದೂರಿನಿಂದ. ತುರ್ತಿದ್ದರೆ ಏಳು ದಿನ ಹೊರಗೆ ಹೋಗಿಬರಬಹುದು. ನಾಸಿಕದ ಪಾಂಡವಲೇಣಿಯ 10ನೇ ಗುಹೆಯಲ್ಲಿ ಈ ವಾಸದ ಖರ್ಚುವೆಚ್ಚವೇ ಕಲ್ಲಿನ ಮೇಲಿದೆ. ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತ 3000 ಕಹಾಪಣ ನಾಣ್ಯಗಳನ್ನು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ ಇಟ್ಟ. ಅದರಲ್ಲಿ 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ವರ್ಷಕ್ಕೆ 240 ಆಯಿತು. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ಹಣ. ಅಸಲನ್ನು ಮುಟ್ಟುವಂತಿಲ್ಲ. ಎಷ್ಟು ಜನ, ಯಾವ ಕಾಲ, ಎಷ್ಟು ದುಡ್ಡು ಎಲ್ಲಕ್ಕೂ ಮಿತಿಯಿದೆ. ಆದರೆ ದಾನ ಯಾರಿಗೆ? ನಾಲ್ಕು ದಿಕ್ಕಿನ ಸಂಘಕ್ಕೆ. ಭಿಕ್ಷು ಯಾವ ನಾಡಿನವನಾಗಿರಬೇಕು ಎಂಬ ಷರತ್ತು ಶಾಸನದಲ್ಲಿಲ್ಲ.

ಭಿಕ್ಷು ದುಡಿಯಲಿಲ್ಲ, ಅವನ ಬಟ್ಟೆಯ ಹಣ ನೇಕಾರನ ಮಗ್ಗದಿಂದ ಬಂತು, ಕೂಲಿಗೆಂದೇ ಹೋಗುವ ತರುಣನಿಗೆ ಅವನು ಹೋಲಿಕೆಯೇ ಎಂದು ಕೇಳಬಹುದು. ನೇಕಾರನ ಬೆವರನ್ನು ಮರೆಮಾಚಬೇಕಿಲ್ಲ. ಆದರೆ ಅತಿಥೇಯರೂ ಬರಿಗೈಯಲ್ಲಿ ಉಳಿಯಲಿಲ್ಲ. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪಿತಲ್‌ಖೋರಾ ಗುಹೆಗಳ ದಾನಿಗಳ ನಡುವೆ ಪೈಠಣದ ಗಂಧಿಕ ಮನೆತನದವನೊಬ್ಬನಿದ್ದಾನೆ. ಪರಿಮಳದ್ರವ್ಯದ ವ್ಯಾಪಾರಕ್ಕೆ ದೂರದ ದಾರಿಗಳೂ ದಾರಿಹೋಕರೂ ಬೇಕೇ ಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸಂಘಕ್ಕೂ ಬಾಗಿಲು ಇತ್ತಲ್ಲ? ನಿಜ, ಸಾಲಗಾರ, ಓಡಿಬಂದ ದಾಸ, ರಾಜನ ಸೈನಿಕ ಇವರಿಗೆ ಪ್ರವ್ರಜ್ಯೆ, ಅಂದರೆ ಸನ್ಯಾಸದೀಕ್ಷೆ, ಕೊಡುವಂತಿರಲಿಲ್ಲ. ಉಳ್ಳವರ ಹಿತಕ್ಕೆ ಮಣಿದ ನಿಯಮಗಳಿವು, ಸಮರ್ಥಿಸಲಾರೆ. ಆದರೂ ಸಾಲ ತೀರಬಹುದು, ಸೇವೆ ಮುಗಿಯಬಹುದು, ದಾಸನನ್ನು ಬಿಡುಗಡೆ ಮಾಡಬಹುದು. ಹುಟ್ಟಿದ ನಾಡನ್ನು ಯಾರೂ ಬದಲಿಸಿಕೊಳ್ಳಲಾರರು. ಪರಕೀಯನಿಗೆ ಭೇಟಿಯ ಹಕ್ಕುಂಟು, ನೆಲೆಸುವ ಹಕ್ಕಿಲ್ಲ ಎಂದು 1795ರಲ್ಲಿ ಬರೆದ ತತ್ತ್ವಜ್ಞಾನಿ ಕಾಂಟ್ ಕೂಡ ಆ ಭೇಟಿಯ ಹಕ್ಕನ್ನು ಎಲ್ಲ ಮನುಷ್ಯರಿಗೂ ಕೊಟ್ಟ. ಹೀಗಿರುವಾಗ ಮಿತಿ ಇರಲಿ. ಒಂದು ದೇಶಕ್ಕೆ ಲಾಟರಿ, ಇನ್ನೊಂದಕ್ಕೆ ತೆರೆದ ಬಾಗಿಲು ಎಂಬ ಭೇದಕ್ಕೆ ನೀತಿಯ ಆಧಾರ ಸಿಗುವುದಿಲ್ಲ.

ಅಷ್ಟಕ್ಕೂ ನಾಸಿಕದಲ್ಲಿ ಅತಿಥೇಯ ಯಾರು, ಪರದೇಶಿ ಯಾರು? ಉಷವದಾತ ಶಕ. 17ನೇ ಗುಹೆ ಕೊರೆಸಿದ ಇಂದ್ರಾಗ್ನಿದತ್ತ ಉತ್ತರದ ದತ್ತಾಮಿತ್ರಿಯಿಂದ ಬಂದ ಯವನ.