ಘ್ರಾಣದ ಕುರುಹು, ಬಾರದ ಕಾಯಿಲೆ

ಮನುಷ್ಯನ ದೇಹದಲ್ಲಿ ಇಂದು ಕಾಣುವ ಒಂದು ಕುರುಹನ್ನು ಹಿಡಿದು ಅವನ ಮನಸ್ಸಿಗೆ ನಾಳೆ ಬರಬಹುದಾದ ಕಾಯಿಲೆಯನ್ನು ಊಹಿಸುವುದು ಎಷ್ಟರ ಮಟ್ಟಿಗೆ ಸರಿ, ಮತ್ತು ಅಂಥ ಊಹೆಯ ಬಲದಿಂದ ಅವನ ಬದುಕಿನಲ್ಲಿ ಕೈಯಿಡುವ ಅಧಿಕಾರ ವೈದ್ಯಶಾಸ್ತ್ರಕ್ಕೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಕಳೆದ ಮೂರು ದಶಕಗಳಿಂದ ಮನೋವೈದ್ಯಶಾಸ್ತ್ರವನ್ನು ಕಾಡುತ್ತಿದೆ. ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಘ್ರಾಣಶಕ್ತಿಯನ್ನು ಕುರಿತ ಸಂಶೋಧನೆ ವಿಶೇಷವಾಗಿ ತಕ್ಕದ್ದು. ಏಕೆಂದರೆ ಅಲ್ಲಿ ಕುರುಹು ನಿಜವಾಗಿಯೂ ಇದೆ, ಆದರೆ ಆ ಕುರುಹು ಯಾರ ಬಗ್ಗೆ ಏನನ್ನು ಹೇಳುತ್ತದೆ ಎಂಬುದು ಮೇಲ್ನೋಟಕ್ಕೆ ಕಂಡಷ್ಟು ಸರಳವಾಗಿಲ್ಲ.

ಸೈಕೋಸಿಸ್ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಯಾರೂ ಆಡದ ಮಾತು ಕಿವಿಗೆ ಬೀಳುವುದು, ತನ್ನ ವಿರುದ್ಧ ಸಂಚು ನಡೆಯುತ್ತಿದೆ ಎಂಬ ಕದಲಿಸಲಾಗದ ನಂಬಿಕೆ ಬೇರೂರುವುದು, ಆಲೋಚನೆಯ ಎಳೆ ಕಡಿದುಹೋಗುವುದು ಮುಂತಾದ ಲಕ್ಷಣಗಳಿಂದ ವಾಸ್ತವದ ಮೇಲಿನ ಹಿಡಿತ ಸಡಿಲವಾಗುವ ಸ್ಥಿತಿಯನ್ನು ಹಾಗೆ ಕರೆಯುತ್ತಾರೆ. ಸ್ಕಿಜೋಫ್ರೀನಿಯಾ ಅದರ ದೀರ್ಘಕಾಲ ಉಳಿಯುವ ರೂಪಗಳಲ್ಲಿ ಒಂದು. ಇದು ಸಾಮಾನ್ಯವಾಗಿ ಹದಿಹರೆಯದ ಕೊನೆ ಮತ್ತು ಯೌವನದ ಆರಂಭದಲ್ಲಿ ತಲೆದೋರುವುದರಿಂದ, ಓದು, ಉದ್ಯೋಗ, ಸ್ನೇಹ ಎಲ್ಲವೂ ರೂಪುಗೊಳ್ಳುವ ವರ್ಷಗಳನ್ನೇ ನುಂಗುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಅವರ ಸಂಗಡಿಗರು 1992ರಲ್ಲಿ ಮೊದಲ ಸಲ ಸೈಕೋಸಿಸ್‌ಗೆ ಒಳಗಾದ ಯುವಜನರಿಗಾಗಿಯೇ ಒಂದು ಕೇಂದ್ರವನ್ನು ತೆರೆದದ್ದು ಈ ಕಾರಣಕ್ಕೆ. ಎರಡು ವರ್ಷಗಳ ಬಳಿಕ ಅವರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಕಾಯಿಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವ ಮುನ್ನವೇ ಮಸುಕಾದ ಲಕ್ಷಣಗಳಿಂದ ಬಳಲುತ್ತಿರುವವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿದರು. ಅಲ್ಲಿಗೆ ಬಂದವರನ್ನು ಅತಿ ಹೆಚ್ಚಿನ ಅಪಾಯದಲ್ಲಿರುವವರು ಎಂದು ವರ್ಗೀಕರಿಸಲಾಯಿತು.

ವಾರಿಕ್ ಬ್ರೂವರ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಾತಾವರಣದಲ್ಲಿ ಹುಟ್ಟಿದ್ದು. ಅಪಾಯದ ವರ್ಗದಲ್ಲಿದ್ದ 81 ಜನರಿಗೂ ಆರೋಗ್ಯವಂತರಾದ 31 ಜನರಿಗೂ ವಾಸನೆಗಳನ್ನು ಗುರುತಿಸುವ ಪರೀಕ್ಷೆಯನ್ನು ಕೊಟ್ಟು, ಮುಂದೇನಾಯಿತೆಂದು ಗಮನಿಸಲಾಯಿತು. 81 ಜನರಲ್ಲಿ 22 ಜನ ಸೈಕೋಸಿಸ್‌ಗೆ ಒಳಗಾದರು. ಅವರಲ್ಲಿ 12 ಜನರ ಕಾಯಿಲೆ ಸ್ಕಿಜೋಫ್ರೀನಿಯಾ ಅಥವಾ ಅದನ್ನು ಹೋಲುವ ರೂಪದ್ದಾಗಿತ್ತು. ಮೊದಲೇ, ಕಾಯಿಲೆ ಪ್ರಕಟವಾಗುವ ಮುನ್ನವೇ, ವಾಸನೆಗಳನ್ನು ಗುರುತಿಸುವುದರಲ್ಲಿ ಹಿಂದೆ ಬಿದ್ದಿದ್ದವರು ಈ ಕೊನೆಯ ಗುಂಪಿನವರು. ಉಳಿದ ರೂಪಗಳ ಸೈಕೋಸಿಸ್‌ಗೆ ಒಳಗಾದವರಲ್ಲಾಗಲಿ, ಒಳಗಾಗದೆ ಉಳಿದವರಲ್ಲಾಗಲಿ ಅಂಥ ಕೊರತೆ ಕಾಣಲಿಲ್ಲ.

ಮೂಗಿಗೂ ಈ ಕಾಯಿಲೆಗೂ ಸಂಬಂಧ ಕಲ್ಪಿಸುವುದು ವಿಚಿತ್ರವೆನಿಸಬಹುದಾದರೂ ಮಿದುಳಿನ ರಚನೆಯನ್ನು ನೋಡಿದರೆ ಅದಕ್ಕೆ ಆಧಾರವಿದೆ. ನೋಟ, ಶಬ್ದ, ಸ್ಪರ್ಶಗಳ ಸಂಕೇತಗಳು ಮಿದುಳಿನ ಒಳಭಾಗದ ಥಲಾಮಸ್ ಎಂಬ ಕೇಂದ್ರವನ್ನು ಹಾದು ಮೇಲ್ಪದರಕ್ಕೆ ಹೋಗುತ್ತವೆ. ವಾಸನೆಯ ಸಂಕೇತ ಮಾತ್ರ ಅಲ್ಲಿ ನಿಲ್ಲದೆ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನು ನೇರವಾಗಿ ಮುಟ್ಟುತ್ತದೆ. ಮುಂದೆ ಅದು ಕಣ್ಣಿನ ಗೂಡುಗಳ ಮೇಲಿರುವ ಮುಮ್ಮಿದುಳಿನ ಪ್ರದೇಶಕ್ಕೆ ಸಾಗುತ್ತದೆ. ಸ್ಕಿಜೋಫ್ರೀನಿಯಾದಲ್ಲಿ ಏರುಪೇರಾಗುವ ಜಾಲಗಳಲ್ಲಿ ಈ ಪ್ರದೇಶಗಳೂ ಸೇರಿವೆ. ವಾಸನೆ ಮೂಗಿಗೆ ತಟ್ಟುವುದು ಬೇರೆ, ಅದು ಇಂಥದ್ದರ ವಾಸನೆ ಎಂದು ಗುರುತಿಸುವುದು ಬೇರೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಎರಡನೆಯದಕ್ಕೆ ನೆನಪು, ಗಮನ, ಪದಸಂಪತ್ತು ಎಲ್ಲವೂ ಬೇಕು. ಮೆಲ್ಬರ್ನ್ ಅಧ್ಯಯನದಲ್ಲಿ ಕೊರತೆ ಕಂಡದ್ದು ಇದರಲ್ಲಿಯೇ.

ಆದರೆ ಸಂಬಂಧವಿದೆ ಎಂಬುದರಿಂದಲೇ ಅನುಮಾನ, ಎಂದರೆ ಕುರುಹಿನಿಂದ ಮಾಡುವ ಊಹೆ, ಸಿದ್ಧಿಸುವುದಿಲ್ಲ ಎಂಬುದನ್ನು ಭಾರತೀಯ ತರ್ಕಶಾಸ್ತ್ರ ಬಹಳ ಹಿಂದೆಯೇ ಸೂಕ್ಷ್ಮವಾಗಿ ಚರ್ಚಿಸಿದೆ. ನ್ಯಾಯದರ್ಶನದ ಪ್ರಕಾರ ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿ, ಏಕೆಂದರೆ ಬೆಂಕಿಯಿಲ್ಲದ ಕಡೆ ಹೊಗೆ ಇರುವುದಿಲ್ಲ. ಈ ತಪ್ಪದ ಸಾಹಚರ್ಯಕ್ಕೆ ವ್ಯಾಪ್ತಿ ಎಂದು ಹೆಸರು. ಅದನ್ನೇ ತಿರುಗಿಸಿ, ಬೆಂಕಿಯಿದೆಯಾದ್ದರಿಂದ ಹೊಗೆಯೂ ಇದೆ ಎಂದರೆ ತಪ್ಪಾಗುತ್ತದೆ; ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಯಿಂದ ಹೊಗೆ ಬರಬೇಕಾದರೆ ಹಸಿ ಸೌದೆ ಎಂಬ ಇನ್ನೊಂದು ಷರತ್ತು ಕೂಡಿರಬೇಕು, ತಾರ್ಕಿಕರು ಅದನ್ನು ಉಪಾಧಿ ಎಂದರು. ಘ್ರಾಣದ ಕುರುಹಿಗೂ ಇದೇ ವಿಚಾರ ಅನ್ವಯಿಸುತ್ತದೆ. ಕಾಯಿಲೆಗೆ ಒಳಗಾದವರಲ್ಲಿ ಕೊರತೆಯಿತ್ತು ಎಂಬ ಮಾತಿನಿಂದ ಕೊರತೆಯಿದ್ದವರೆಲ್ಲ ಕಾಯಿಲೆಗೆ ಒಳಗಾಗುತ್ತಾರೆ ಎಂಬ ಮಾತು ಹೊರಡುವುದಿಲ್ಲ. ನೆಗಡಿ, ಧೂಮಪಾನ, ತಲೆಗೆ ಬಿದ್ದ ಪೆಟ್ಟು, ಪಾರ್ಕಿನ್ಸನ್ ಕಾಯಿಲೆ, 2020ರಿಂದ ಲೋಕವೇ ಅನುಭವಿಸಿದ ಕೋವಿಡ್, ಇವೆಲ್ಲವೂ ಘ್ರಾಣವನ್ನು ಕುಂದಿಸುತ್ತವೆ. ಮೇಲಾಗಿ ಮೆಲ್ಬರ್ನ್‌ನ 81 ಜನ ಬೀದಿಯಿಂದ ಆರಿಸಿ ತಂದವರಲ್ಲ. ಈಗಾಗಲೇ ಸಂಕಟಪಟ್ಟು ನೆರವು ಅರಸಿ ಬಂದವರು. ಆ ಸಂಕಟವೇ ಇಲ್ಲಿಯ ಉಪಾಧಿ.

ಅಂಕಿಗಳಲ್ಲಿ ಇಟ್ಟು ನೋಡಿದರೆ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. ಕಾಯಿಲೆ ಬರಲಿರುವ 100 ಜನರಲ್ಲಿ 70 ಜನರನ್ನು ಸರಿಯಾಗಿ ಹಿಡಿಯುವ, ಬಾರದಿರುವ 100 ಜನರಲ್ಲಿ 30 ಜನರನ್ನು ತಪ್ಪಾಗಿ ಹಿಡಿಯುವ ಪರೀಕ್ಷೆಯೊಂದನ್ನು ಕಲ್ಪಿಸಿಕೊಳ್ಳೋಣ. ಚಿಕಿತ್ಸಾಲಯಕ್ಕೆ ಬಂದ 100 ಜನರಲ್ಲಿ 20 ಜನರಿಗೆ ಕಾಯಿಲೆ ಬರಲಿದ್ದರೆ, ಪರೀಕ್ಷೆ 14 ಜನರನ್ನು ಸರಿಯಾಗಿಯೂ 24 ಜನರನ್ನು ತಪ್ಪಾಗಿಯೂ ಗುರುತಿಸುತ್ತದೆ. ಅದೇ ಪರೀಕ್ಷೆಯನ್ನು ಕಾಲೇಜಿನ 1000 ವಿದ್ಯಾರ್ಥಿಗಳ ಮೇಲೆ ನಡೆಸಿ, ಅವರಲ್ಲಿ 10 ಜನರಿಗೆ ಕಾಯಿಲೆ ಬರಲಿದೆ ಎಂದುಕೊಂಡರೆ, 7 ಜನರನ್ನು ಹಿಡಿಯಲು 297 ಜನರ ಮೇಲೆ ಸುಳ್ಳು ನೆರಳು ಬೀಳುತ್ತದೆ. ಪರೀಕ್ಷೆ ಬದಲಾಗಿಲ್ಲ, ಬದಲಾದದ್ದು ಅದನ್ನು ಒಯ್ದ ಜಾಗ ಮಾತ್ರ.

ಇದಕ್ಕೆ ಪ್ರತಿಯಾಗಿ ಬರುವ ವಾದ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಖಚಿತತೆಗಾಗಿ ಕಾಯುವುದೂ ಒಂದು ಹಾನಿಯೇ ಎಂದು ಆ ವಾದ ಹೇಳುತ್ತದೆ. ಸೈಕೋಸಿಸ್ ಆರಂಭವಾದ ದಿನದಿಂದ ಚಿಕಿತ್ಸೆ ದೊರೆಯುವವರೆಗಿನ ಅವಧಿ ಉದ್ದವಾದಷ್ಟೂ ಚೇತರಿಕೆ ಕುಂಠಿತವಾಗುತ್ತದೆ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಾರ್ವೆಯ ರೋಗಲಾಂಡ್ ಪ್ರಾಂತದಲ್ಲಿ ಪತ್ರಿಕೆ, ಶಾಲೆಗಳ ಮೂಲಕ ಜನರಿಗೆ ತಿಳಿವಳಿಕೆ ಕೊಟ್ಟಾಗ ಆ ಅವಧಿ ಇಳಿಯಿತು, ಪ್ರಚಾರ ನಿಂತಾಗ ಮತ್ತೆ ಏರಿತು. ಕರ್ನಾಟಕದಲ್ಲಿಯೂ ಇದಕ್ಕೆ ನೇರವಾದ ಸಾಕ್ಷ್ಯವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಮನೋವೈದ್ಯರು, ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಮನೆಯಲ್ಲಿಯೇ ಉಳಿದಿದ್ದ ಸ್ಕಿಜೋಫ್ರೀನಿಯಾ ಪೀಡಿತರನ್ನು ಹುಡುಕಿ ಚಿಕಿತ್ಸೆ ಕೊಟ್ಟಾಗ, ಚಿಕಿತ್ಸೆ ಪಡೆದವರ ಅಂಗವೈಕಲ್ಯ, ಎಂದರೆ ದೈನಂದಿನ ಕೆಲಸ ಮತ್ತು ಸಂಬಂಧಗಳನ್ನು ನಿಭಾಯಿಸುವುದರಲ್ಲಿನ ತೊಡಕು, ಪಡೆಯದವರಿಗಿಂತ ಗಮನಾರ್ಹವಾಗಿ ಕಡಿಮೆಯಾಯಿತು. ತಡವಾಗಿ ಬಂದ ಚಿಕಿತ್ಸೆಯೇ ಇಷ್ಟು ಮಾಡಬಲ್ಲದಾದರೆ ಬೇಗ ಬಂದದ್ದು ಇನ್ನೆಷ್ಟು ಮಾಡೀತು ಎಂಬ ಪ್ರಶ್ನೆ ಸಹಜ.

ಆದರೆ ಈ ಸಾಕ್ಷ್ಯಗಳೆಲ್ಲ ಕಾಯಿಲೆ ಬಂದವರನ್ನು ಕುರಿತವು. ಬರಬಹುದಾದವರ ಪರವಾಗಿ ಇವನ್ನು ಮುಂದಿಡುವಾಗ ವಾದ ಅರಿವಿಲ್ಲದೆಯೇ ಒಂದು ಗೆರೆಯನ್ನು ದಾಟುತ್ತದೆ. ಅಪಾಯದ ವರ್ಗದಲ್ಲಿರುವವರಿಗೆ ನೆರವು ಬೇಕು ಎಂಬುದರಲ್ಲಿ ಸಂಶಯವಿಲ್ಲ, ಆದರೆ ಆ ನೆರವಿಗೆ ಆಧಾರ ಅವರ ಭವಿಷ್ಯವಲ್ಲ, ಅವರ ಇಂದಿನ ನೋವು. ಅವರಿಗೆ ನಿದ್ದೆ ಬರುತ್ತಿಲ್ಲ, ಓದು ಸಾಗುತ್ತಿಲ್ಲ, ಗೆಳೆಯರಿಂದ ದೂರ ಸರಿಯುತ್ತಿದ್ದಾರೆ, ಮನಸ್ಸಿನಲ್ಲಿ ಭಯ ತುಂಬಿದೆ; ಮುಂದೆ ಸೈಕೋಸಿಸ್ ಬರಲಿ ಬಿಡಲಿ, ಇವು ಆರೈಕೆಗೆ ಅರ್ಹವಾದ ಸಂಗತಿಗಳು. ಆಧಾರ ಬದಲಾದಾಗ ನೆರವಿನ ಸ್ವರೂಪವೂ ಬದಲಾಗುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ, ಅಪಾಯವನ್ನು ತಗ್ಗಿಸುವ ಉದ್ದೇಶದಿಂದ ಸೈಕೋಸಿಸ್ ವಿರೋಧಿ ಔಷಧಗಳನ್ನು ಕೊಡಬಾರದೆಂದು ಹೇಳಿ ಮಾತಿನ ಚಿಕಿತ್ಸೆಯನ್ನು ಸೂಚಿಸಿದ್ದು ಸರಿಯಾದ ನಿರ್ಣಯ. ತೂಕ ಏರಿಸುವ, ಮಂಪರು ತರುವ, ಸಕ್ಕರೆ ಕಾಯಿಲೆಗೆ ದಾರಿಮಾಡಬಲ್ಲ ಔಷಧಗಳನ್ನು ಬಹುಶಃ ಬಾರದ ಕಾಯಿಲೆಗಾಗಿ ಕೊಡುವುದನ್ನು ಸಮರ್ಥಿಸುವುದು ಕಷ್ಟ. ಅಮೆರಿಕದ ಮನೋವೈದ್ಯ ಸಂಘವೂ 2013ರ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಈ ಮಸುಕು ಸ್ಥಿತಿಯನ್ನು ಅಂಗೀಕೃತ ಕಾಯಿಲೆಗಳ ಸಾಲಿಗೆ ಸೇರಿಸದೆ, ಹೆಚ್ಚಿನ ಅಧ್ಯಯನ ಬೇಕಾದವುಗಳ ಪಟ್ಟಿಯಲ್ಲಿ ಇರಿಸಿತು.

ಈ ಚರ್ಚೆಯಲ್ಲಿ ಬದಿಗೆ ಸರಿದಿರುವುದು ಘ್ರಾಣವೇ ಎಂಬುದು ಖೇದದ ವಿಷಯ. ಬ್ರೂವರ್ ಅವರ ತಂಡವೇ 2001ರಲ್ಲಿ ತೋರಿಸಿದಂತೆ, ಮೊದಲ ಸೈಕೋಸಿಸ್‌ಗೆ ಔಷಧ ಪಡೆದ ಮೇಲೂ ವಾಸನೆ ಗುರುತಿಸುವುದರಲ್ಲಿನ ಕೊರತೆ ಹಾಗೆಯೇ ಉಳಿಯುತ್ತದೆ. ಕಿವಿಗೆ ಬೀಳುತ್ತಿದ್ದ ದನಿಗಳು ನಿಂತರೂ ಗುರುತಿಸುವ ಆ ಶಕ್ತಿ ಮರಳುವುದಿಲ್ಲ. ಸಂಶೋಧಕರಿಗೆ ಇದು ಕುರುಹಿನ ಸ್ಥಿರತೆಯ ಪುರಾವೆಯಾಗಿ ಮುಖ್ಯವಾಯಿತು. ಕೊರತೆಯನ್ನು ಹೊತ್ತವನಿಗೆ ಅದು ಬದುಕಿನ ಒಂದು ಭಾಗ ಮಂಕಾದಂತೆ. ಊಟದ ರುಚಿಯಲ್ಲಿ ಬಹುಪಾಲು ವಾಸನೆಯದೇ ಆಗಿರುತ್ತದೆ. ಅಡುಗೆ ಸೀಯುತ್ತಿರುವುದು, ಅನಿಲ ಸೋರುತ್ತಿರುವುದು, ತನ್ನ ಮೈಬಟ್ಟೆ ತೊಳೆಯಬೇಕಾಗಿರುವುದು ತಿಳಿಯುವುದೂ ಅದರಿಂದಲೇ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಮಗನನ್ನು ಸ್ನಾನ ಮಾಡದ ಸೋಮಾರಿ ಎಂದು ಗದರುವ ಮನೆಯವರಿಗೆ, ಅವರಿಗೆ ತಟ್ಟುತ್ತಿರುವ ವಾಸನೆ ಅವನಿಗೆ ತಟ್ಟದೆಯೂ ಇರಬಹುದು ಎಂದು ವೈದ್ಯರು ತಿಳಿಸಿದರೆ ಅದೊಂದು ನಿಜವಾದ ಉಪಕಾರ. ಉತ್ಸಾಹ, ಪ್ರೀತಿ, ಮಾತು ಬತ್ತಿಹೋಗುವ ಲಕ್ಷಣಗಳೊಂದಿಗೆ ಈ ಕೊರತೆಗೆ ನಂಟಿರುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಇಂದಿನ ಔಷಧಗಳು ಅತಿ ಕಡಿಮೆ ಮುಟ್ಟುವ ಲಕ್ಷಣಗಳೂ ಅವೇ.

ಈ ಪರೀಕ್ಷೆಯನ್ನು ಭಾರತದಲ್ಲಿ ಬಳಸುವ ಮೊದಲು ಅದರ ಹುಟ್ಟನ್ನೂ ಗಮನಿಸಬೇಕಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ 1984ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಡೋಟಿ ಮತ್ತು ಸಹೋದ್ಯೋಗಿಗಳು ರೂಪಿಸಿದ್ದು. ಗೀರಿ ಮೂಸಬೇಕಾದ 40 ವಾಸನೆಗಳಿಗೆ ತಲಾ ನಾಲ್ಕು ಆಯ್ಕೆಗಳಿದ್ದು, ಅವುಗಳಲ್ಲಿ ರೂಟ್ ಬಿಯರಿನಂಥ ಅಮೆರಿಕದ ಪಾನೀಯದ ವಾಸನೆಯೂ ಇದೆ. ಇಂಗು, ಸಂಪಿಗೆ, ಕರ್ಪೂರಗಳ ನಡುವೆ ಬೆಳೆದವನು ಅದನ್ನು ಗುರುತಿಸದಿದ್ದರೆ ಆ ಸೋಲು ಮಿದುಳಿನದಲ್ಲ. ಸ್ಥಳೀಯ ವಾಸನೆಗಳಿಂದ ಪರೀಕ್ಷೆಯನ್ನು ಕಟ್ಟಿ, ಇಲ್ಲಿಯ ಆರೋಗ್ಯವಂತರ ಅಂಕಗಳನ್ನು ಮೊದಲು ಕಲೆಹಾಕದೆ ಯಾರ ಮೂಗನ್ನೂ ಅಳೆಯಲಾಗದು. ಮದುವೆ, ನೌಕರಿ, ನೆರೆಹೊರೆ ಎಲ್ಲವೂ ಮಾನಸಿಕ ಕಾಯಿಲೆಯ ಹೆಸರಿಗೇ ಬೆಚ್ಚುವ ಸಮಾಜದಲ್ಲಿ, ಇಪ್ಪತ್ತರ ಯುವತಿಯ ಕಡತದಲ್ಲಿ ಅಪಾಯ ಎಂಬ ಪದವನ್ನು ಬರೆಯುವ ವೈದ್ಯರು, ಅದು ಅವಳ ಮನೆಯವರ ಕಿವಿಗೆ ತಲುಪುವ ಹೊತ್ತಿಗೆ ತೀರ್ಪಾಗಿ ಮಾರ್ಪಟ್ಟಿರುತ್ತದೆ ಎಂಬುದನ್ನು ತಿಳಿದೇ ಬರೆಯಬೇಕು. ಪರೀಕ್ಷೆಗೆ ಮುನ್ನ ಅವಳ ಒಪ್ಪಿಗೆ ಪಡೆಯಬೇಕು, ಫಲಿತಾಂಶವನ್ನು ಯಾರಿಗೆ ಹೇಳಬೇಕು ಎಂಬುದನ್ನು ಅವಳೇ ನಿರ್ಧರಿಸಬೇಕು, ಮತ್ತು ಅಂಕ ಎಷ್ಟೇ ಬರಲಿ, ಅವಳು ಯಾವ ಸಂಕಟಕ್ಕಾಗಿ ಬಂದಳೋ ಅದರ ಆರೈಕೆ ಅಂದೇ ಆರಂಭವಾಗಬೇಕು.