ದೂರಾ ಬಯಲಿನ ವಾದ್ಯಗಾರರು

ವಾಕ್ಯಭಾಗ: ದಾನಿಯೇಲ 3:1-18, ಅಪೊಸ್ತಲರ ಕೃತ್ಯಗಳು 18:1-3 ಮತ್ತು 19:23-27

ವಿಶ್ವಾಸಿ ತನ್ನ ಕೆಲಸದಲ್ಲಿ ಹೇಗಿರಬೇಕು ಅನ್ನೋದರ ಬಗ್ಗೆ ಬೇರೆ ಬೇರೆ ಕೆಲಸದಲ್ಲಿರುವವರು ಮಾತಾಡಬೇಕು ಅಂತ ಪಾಸ್ಟರ್ ಹೇಳಿದ್ದಾರೆ. ಇವತ್ತು ನನ್ನ ಸರದಿ. ಭಾನುವಾರ ನೀವು ನನ್ನನ್ನು ಇಲ್ಲಿ ಕೀಬೋರ್ಡ್ ಮುಂದೆ ನೋಡ್ತೀರಿ. ಸೋಮವಾರದಿಂದ ಶನಿವಾರದ ತನಕ ನಾನು ಜಾಹೀರಾತುಗಳಿಗೆ ಸಂಗೀತ ಮಾಡ್ತೀನಿ. ತಿಂಗಳ ಸಂಬಳ ಇಲ್ಲ. ಏಜೆನ್ಸಿಯಿಂದ ಫೋನ್ ಬಂದರೆ ಕೆಲಸ, ಬರದಿದ್ದರೆ ಪ್ರಾರ್ಥನೆ.

ಯೌವನಸ್ಥರು ನನ್ನ ಹತ್ತಿರ ಬಂದು, "ಅಣ್ಣಾ, ಲೋಕದ ಸಂಗೀತ ಮಾಡಬಹುದಾ?" ಅಂತ ಕೇಳ್ತಾರೆ. ಕೆಲವರು ಕೇಳೋದಕ್ಕೂ ಮೊದಲೇ ಉತ್ತರ ಕೊಡ್ತಾರೆ: ಸಭೆಯ ಹೊರಗಿನ ಹಾಡೆಲ್ಲ ಪಾಪ. ಇನ್ನು ಕೆಲವರು, "ಬರೀ ಮ್ಯೂಸಿಕ್ ತಾನೇ, ಅದರಲ್ಲೇನಿದೆ?" ಅಂತಾರೆ. ಎರಡೂ ಸುಲಭದ ಉತ್ತರ. ಎರಡರಲ್ಲೂ ಯೋಚನೆ ಮಾಡೋ ಕೆಲಸ ತಪ್ಪುತ್ತೆ. ಇವತ್ತು ವಾಕ್ಯದ ಬೆಳಕಿನಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ದಾನಿಯೇಲನ 3ನೇ ಅಧ್ಯಾಯ ತೆಗೆಯಿರಿ. ಸಂಡೇ ಸ್ಕೂಲಿನಿಂದ ಕೇಳಿದ ಕಥೆ. ಅರಸನಾದ ನೆಬೂಕದ್ನೆಚ್ಚರನು ದೂರಾ ಬಯಲಿನಲ್ಲಿ 60 ಮೊಳ ಎತ್ತರದ ಬಂಗಾರದ ಪ್ರತಿಮೆ ನಿಲ್ಲಿಸಿದ. ಶದ್ರಕ್, ಮೇಶಕ್, ಅಬೇದ್‌ನೆಗೋ ಬಗ್ಗೆ ನಾವು ಎಷ್ಟೋ ಪ್ರಸಂಗ ಕೇಳಿದ್ದೀವಿ. ನಾನು ಸಂಗೀತದವನು, ನನ್ನ ಕಣ್ಣು ಬೇರೆ ಕಡೆ ಹೋಗುತ್ತೆ. ಈ ಅಧ್ಯಾಯದಲ್ಲಿ ವಾದ್ಯಗಳ ಪಟ್ಟಿ ನಾಲ್ಕು ಸಲ ಬರುತ್ತೆ. 5, 7, 10, 15ನೇ ವಚನಗಳನ್ನು ಗುರುತು ಹಾಕಿಕೊಳ್ಳಿ. ಅರಸನ ಆಜ್ಞೆ ಏನು? ವಾದ್ಯಗಳ ಶಬ್ದ ಕೇಳಿದ ಕೂಡಲೇ ಅಡ್ಡಬೀಳಬೇಕು. ಪ್ರತಿಮೆ ಕಂಡ ಕೂಡಲೇ ಅಂತ ಇಲ್ಲ, ಶಬ್ದ ಕೇಳಿದ ಕೂಡಲೇ. ಕಣ್ಣನ್ನಾದರೂ ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆ ಇಲ್ಲ. ಅರಸನಿಗೆ ಅದು ಗೊತ್ತಿತ್ತು.

ಆ ವಾದ್ಯಗಾರರ ಹೆಸರು ಬೈಬಲಿನಲ್ಲಿ ಇಲ್ಲ. ಪ್ರತಿಮೆ ಮಾಡಿಸಿದ್ದು ಅವರಲ್ಲ. ಬೆಂಕಿಯ ಆವಿಗೆ ಉರಿಸಿದ್ದು ಅವರಲ್ಲ. ಅವರು ನುಡಿಸಿದರು, ಅಷ್ಟೇ. "ಅಯ್ಯಾ, ನಿಮಗೂ ಇದಕ್ಕೂ ಏನು ಸಂಬಂಧ?" ಅಂತ ಕೇಳಿದ್ದರೆ, "ನಾವು ಕಲಾವಿದರು, ಹೇಳಿದ್ದನ್ನ ನುಡಿಸಿದ್ವಿ, ಅಡ್ಡಬೀಳೋದು ಬಿಡೋದು ಜನರಿಗೆ ಬಿಟ್ಟಿದ್ದು" ಅಂತಿದ್ದರೇನೋ. ಪ್ರಿಯರೇ, ಆ ಉತ್ತರ ಸಾಕಾ? ಇದೇ ಇವತ್ತಿನ ಪ್ರಶ್ನೆ.

ಮೊದಲನೆಯದಾಗಿ, ಕೌಶಲ್ಯ ದೇವರದು, ಮತ್ತು ಅದರಿಂದ ಅನ್ನ ದುಡಿಯೋದು ಪಾಪವಲ್ಲ.

ವಿಮೋಚನಕಾಂಡ 31ರಲ್ಲಿ ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಪ್ರಸಂಗ ಮಾಡಲಿಕ್ಕಲ್ಲ. ಚಿನ್ನ, ಬೆಳ್ಳಿ, ಮರದ ಕೆಲಸ ಮಾಡಲಿಕ್ಕೆ. ಹಲ್ಲೆಲೂಯಾ. ಆದರೆ ಮುಂದಿನ ಅಧ್ಯಾಯ ಓದಿ. ಅಲ್ಲಿ ಕಿವಿಯ ಮುರುಗಳನ್ನು ಕರಗಿಸಿ ಬಂಗಾರದ ಕರು ಮಾಡ್ತಾರೆ. ಜನ ಅವರೇ, ಲೋಹ ಅದೇ, ಎರಕದ ವಿದ್ಯೆಯೂ ಹತ್ತಿರತ್ತಿರ ಅದೇ.

ಈಗ ಅಪೊಸ್ತಲರ ಕೃತ್ಯಗಳಿಗೆ ಬನ್ನಿ. 18ನೇ ಅಧ್ಯಾಯದಲ್ಲಿ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡ್ತಾನೆ. ಗುಡಾರ ಕೊಂಡವನು ಅದರಲ್ಲಿ ಮಲಗಿದನೋ, ಮೋಸದ ವ್ಯಾಪಾರ ಮಾಡಿದನೋ, ಪೌಲ ಹಿಂದೆ ಹೋಗಿ ನೋಡಿದ ಅಂತ ಎಲ್ಲೂ ಬರೆದಿಲ್ಲ. 19ನೇ ಅಧ್ಯಾಯದಲ್ಲಿ ಎಫೆಸದ ದೇಮೇತ್ರಿಯ ಬರ್ತಾನೆ. ಅವನೂ ಕೈಕೆಲಸದವನೇ, ಬೆಳ್ಳಿಯಲ್ಲಿ ಅರ್ತೆಮೀದೇವಿಯ ಪುಟ್ಟ ಗುಡಿಗಳನ್ನ ಮಾಡ್ತಾನೆ. ಗುಡಾರಕ್ಕೂ ಆ ಗುಡಿಗೂ ಏನು ವ್ಯತ್ಯಾಸ? ಗುಡಾರವನ್ನು ಒಳ್ಳೇದಕ್ಕೂ ಬಳಸಬಹುದು, ಕೆಟ್ಟದ್ದಕ್ಕೂ ಬಳಸಬಹುದು. ಆ ಬೆಳ್ಳಿಯ ಗುಡಿಗೆ ಅಡ್ಡಬೀಳಿಸೋದು ಬಿಟ್ಟು ಬೇರೆ ಕೆಲಸವೇ ಇಲ್ಲ.

ನನ್ನ ಬಹಳ ಟ್ಯೂನುಗಳು ಗುಡಾರ. ಸೋಪು, ಬಿಸ್ಕತ್ತು, ಪೆಯಿಂಟು, ಸೀರೆ ಅಂಗಡಿ. 1967ರಲ್ಲಿ ವಿವಿಧಭಾರತಿಯಲ್ಲಿ ಜಾಹೀರಾತು ಶುರುವಾದ ಮೇಲೆ ಎಷ್ಟೋ ಸಂಗೀತಗಾರರು ಈ ಕೆಲಸದಿಂದ ಮನೆ ನಡೆಸಿದ್ದಾರೆ. ಎ.ಆರ್. ರೆಹಮಾನ್ 1992ರಲ್ಲಿ 'ರೋಜಾ' ಸಿನಿಮಾ ಮಾಡೋದಕ್ಕೂ ಮೊದಲು ಜಿಂಗಲ್ ಮಾಡ್ತಿದ್ದವರು. ಟೈಟಾನ್ ಗಡಿಯಾರದ ಟ್ಯೂನ್ ನಿಮಗೆಲ್ಲ ಗೊತ್ತು. ಅದು ಮೊಜಾರ್ಟ್ 1773ರಲ್ಲಿ ಬರೆದ 25ನೇ ಸಿಂಫನಿಯಿಂದ ಬಂದದ್ದು. ಆತ ಯಾವ ಗಡಿಯಾರಕ್ಕೂ ಅದನ್ನು ಬರೆಯಲಿಲ್ಲ. ಹಾಗಾಗಿ ಒಳ್ಳೆ ವಸ್ತುವಿನ ವಿಷಯ ನಾಲ್ಕು ಜನಕ್ಕೆ ಇಂಪಾಗಿ ತಿಳಿಸೋದು ನಾಚಿಕೆಯ ಕೆಲಸ ಅಲ್ಲ. ದರ್ಜಿ ಅಂಗಿ ಹೊಲಿದ ಹಾಗೆ ನಾನು ಟ್ಯೂನ್ ಹೊಲಿತೀನಿ.

ಎರಡನೆಯದಾಗಿ, ಟ್ಯೂನಿಗೆ ಮಾತಿಲ್ಲ ಅಂದ ಮಾತ್ರಕ್ಕೆ ಅದು ಏನೂ ಹೇಳೋದಿಲ್ಲ ಅಂತಲ್ಲ.

ಈ ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಏಜೆನ್ಸಿಯಿಂದ ಬ್ರೀಫ್ ಬರುತ್ತೆ. 30 ಸೆಕೆಂಡಿನದು ಒಂದು, ಅದನ್ನೇ ಕತ್ತರಿಸಿ 20, 10 ಸೆಕೆಂಡಿನವು. ಕೊನೆಯ ಮೂರು ಸೆಕೆಂಡಿನಲ್ಲಿ ಬ್ರ್ಯಾಂಡಿನ ಹೆಸರಿಗೆ ನಾಲ್ಕೈದು ಸ್ವರ. ಬ್ರೀಫಿನಲ್ಲಿ ವಸ್ತುವಿನ ಬಗ್ಗೆ ಇರೋದು ಕಡಿಮೆ, ಭಾವನೆ ಬಗ್ಗೆ ಜಾಸ್ತಿ. "ಕೇಳಿದ ತಕ್ಷಣ ಅಮ್ಮನ ಮನೆ ನೆನಪಾಗಬೇಕು." "ಗೆದ್ದುಬಿಟ್ಟೆ ಅನ್ನಿಸಬೇಕು." ಬ್ಯಾಂಕಿನವರದ್ದಾದರೆ, "ನಂಬಿಕೆ ಬರಬೇಕು." ನೋಡಿ, ಅದೇ ಪದ. ಇಬ್ರಿಯ 11ರಲ್ಲಿ ನಾವು ಓದೋ ಪದ. ಆ ನಂಬಿಕೆಯನ್ನ ತರಿಸೋ ಕೆಲಸವನ್ನ ನನಗೆ ಕೊಡ್ತಾರೆ, ಯಾಕಂದ್ರೆ ಬರೀ ಮಾತಿನಿಂದ ಅದು ಬೇಗ ಬರೋದಿಲ್ಲ. ಮಾತನ್ನು ಜನ ಪರೀಕ್ಷೆ ಮಾಡ್ತಾರೆ. "ಇಷ್ಟು ಕಡಿಮೆಗೆ ಹೇಗೆ ಕೊಡ್ತಾನೆ?" ಅಂತ ಕೇಳ್ತಾರೆ. ಟ್ಯೂನನ್ನು ಯಾರೂ ಪರೀಕ್ಷೆ ಮಾಡಲ್ಲ, ಅದು ಸೀದಾ ಒಳಗೆ ಹೋಗುತ್ತೆ. ದಾವೀದನ ಕಿನ್ನರಿ ಸೌಲನ ಮನಸ್ಸನ್ನು ಶಾಂತ ಮಾಡಿದ್ದು ಹಾಗೆ. ಆ ಶಕ್ತಿ ಒಳ್ಳೇದಕ್ಕೆ ನಿಜವಾದರೆ, ಕೆಟ್ಟದ್ದಕ್ಕೂ ನಿಜ.

ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳ ಜಾಹೀರಾತು ನೆನಪಿದೆಯಾ? ಕೊನೆಯಲ್ಲಿ ಒಬ್ಬರು ಉಸಿರು ಬಿಡದೆ ಎಚ್ಚರಿಕೆ ಓದ್ತಿದ್ದರು: ಹಣ ಹೋಗಬಹುದು, ಚಟ ಹತ್ತಬಹುದು. ಆ ಎಚ್ಚರಿಕೆ ಸತ್ಯವೇ. ಆದರೆ ಅದರ ಅಡಿಯಲ್ಲಿ ಗೆಲುವಿನ ಸಂಗೀತ ಓಡ್ತಾ ಇತ್ತು. ಬಾಯಿ "ಹುಷಾರು" ಅಂತಿತ್ತು, ಟ್ಯೂನ್ "ಬಾ" ಅಂತಿತ್ತು. ಸಾಲ ಮಾಡಿ ಆಡಿದ ಹುಡುಗ ಯಾವುದನ್ನ ಕೇಳಿಸಿಕೊಂಡ? ಈಗ 2025ರ ಕಾನೂನು ಅಂಥ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಸ್ತೋತ್ರ. ಆದರೆ ಕಾನೂನು ಬರೋ ಹಿಂದಿನ ದಿನ ಆ ಟ್ಯೂನ್ ಒಳ್ಳೇದಾಗಿತ್ತಾ? ವಿಶ್ವಾಸಿಯ ಮನಸ್ಸಾಕ್ಷಿ ಗೆಜೆಟ್ ಪ್ರಕಟಣೆಗೆ ಕಾಯಬಾರದು.

ಇನ್ನೊಂದು. ಮದ್ಯದ ಜಾಹೀರಾತನ್ನು ಟಿವಿಯಲ್ಲಿ ತೋರಿಸೋ ಹಾಗಿಲ್ಲ. ಅದಕ್ಕೆ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಮ್ಯೂಸಿಕ್ ಸಿಡಿ ಅಂತ ತೋರಿಸ್ತಾರೆ. ಮ್ಯೂಸಿಕ್ ಸಿಡಿ! ನಮ್ಮ ವಿದ್ಯೆಯನ್ನೇ ಬಾಟಲಿಗೆ ಮುಸುಕು ಮಾಡಿದ್ದಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪೊಟ್ಟಣದ ಹೆಸರುಗಳು ಏಲಕ್ಕಿಯ ಹೆಸರಿನಲ್ಲಿ ಹಾಡ್ತಾನೇ ಇವೆ.

ಮೂರನೆಯದಾಗಿ, ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ಇರಬೇಡ.

1 ಕೊರಿಂಥ 10ರಲ್ಲಿ ಪೌಲನು ಬಹಳ ನ್ಯಾಯವಾಗಿ ಮಾತಾಡ್ತಾನೆ. ಅಂಗಡಿಯಲ್ಲಿ ಮಾರೋ ಮಾಂಸವನ್ನ ವಿಚಾರಣೆ ಮಾಡದೆ ತಿನ್ನಿ ಅಂತಾನೆ. ಆದರೆ ಯಾರಾದರೂ ಬಂದು ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ತಿಳಿಸಿದರೆ, ಅವನಿಗೋಸ್ಕರ ಬಿಟ್ಟುಬಿಡಿ ಅಂತಾನೆ. ಪ್ರತಿ ಬಿಸ್ಕತ್ತಿನ ಕಂಪನಿಯ ಲೆಕ್ಕಪತ್ರ ತೆಗೆದು ನೋಡೋ ಭಾರ ದೇವರು ನನ್ನ ಮೇಲೆ ಹಾಕಿಲ್ಲ. ಆದರೆ ಬ್ರೀಫ್ ಓದುವಾಗಲೇ ಇದು ಏಲಕ್ಕಿ ಅಲ್ಲ ಅಂತ ಗೊತ್ತಾದರೆ, ಆಮೇಲೆ "ನಾನು ಬರೀ ಟ್ಯೂನ್ ಮಾಡಿದೆ" ಅನ್ನೋ ಮಾತು ನಡೆಯೋದಿಲ್ಲ. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೀನಿ, ಯೌವನಸ್ಥರು ಬರೆದುಕೊಳ್ಳಿ. ಈ ವಸ್ತುವನ್ನ ನನ್ನ ತಮ್ಮನ ಕೈಗೆ ನಾನೇ ಕೊಡ್ತೀನಾ? ನನ್ನ ಟ್ಯೂನ್ ಯಾವುದಾದರೂ ಸತ್ಯವನ್ನ ಮುಚ್ಚೋಕೆ ಇದೆಯಾ? ಕೇಳಿದವನು ಯಾವುದಕ್ಕೆ ಬಗ್ಗಬೇಕು ಅಂತ ಇವರು ಬಯಸ್ತಿದ್ದಾರೆ?

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಾನು ಬೇಡ ಅಂದ ಕೆಲಸ ನಿಲ್ಲೋದಿಲ್ಲ. ಅಂಥ ಒಂದು ಏಲಕ್ಕಿಯ ಕೆಲಸ ನನಗೂ ಬಂದಿತ್ತು. ಬೇಡ ಅಂದೆ. ಎರಡು ತಿಂಗಳ ಮನೆಬಾಡಿಗೆಯಷ್ಟು ದುಡ್ಡು ಅದು. ಇನ್ನೊಬ್ಬರು ಮಾಡಿದರು, ಚೆನ್ನಾಗಿಯೇ ಮಾಡಿದರು, ಜಾಹೀರಾತು ಓಡಿತು. ಹಾಗಾದರೆ ಬೇಡ ಅಂದು ಏನು ಬಂತು? ದಾನಿಯೇಲ 3 ಮತ್ತೆ ನೋಡಿ. ಆ ಮೂವರು ನಿಂತದ್ದರಿಂದ ವಾದ್ಯ ನಿಲ್ಲಲಿಲ್ಲ, ಪ್ರತಿಮೆ ಬೀಳಲಿಲ್ಲ, ಬಯಲು ತುಂಬ ಜನ ಅಡ್ಡಬಿದ್ದರು. ದೇವರು ನಮ್ಮನ್ನ ಬಿಡಿಸದೆ ಹೋದರೂ ಬಗ್ಗೋದಿಲ್ಲ ಅನ್ನೋ ಅರ್ಥದಲ್ಲಿ ಅವರು ಅರಸನಿಗೆ ಉತ್ತರ ಕೊಟ್ಟರು. ಫಲಿತಾಂಶ ನೋಡಿ ಕೊಟ್ಟ ಉತ್ತರ ಅಲ್ಲ ಅದು. ತಾವು ಯಾರವರು ಅನ್ನೋದನ್ನ ನೋಡಿ ಕೊಟ್ಟ ಉತ್ತರ. ಆಮೆನ್ ಹೇಳಿ.

ಆದರೆ ಎಲ್ಲರ ಸ್ಥಿತಿ ಒಂದೇ ಅಲ್ಲ. 2 ಅರಸು 5ರಲ್ಲಿ ನಾಮಾನ, "ನನ್ನ ಯಜಮಾನ ರಿಮ್ಮೋನನ ಗುಡಿಯಲ್ಲಿ ನನ್ನ ಕೈ ಹಿಡಿದು ಬಗ್ಗುವಾಗ ನಾನೂ ಬಗ್ಗಬೇಕಾಗುತ್ತೆ, ಏನು ಮಾಡಲಿ?" ಅನ್ನೋ ಸಂಕಟ ತೋಡಿಕೊಂಡ. ಎಲೀಷ ಅವನನ್ನ ಗದರಲಿಲ್ಲ, ಸಮಾಧಾನದಿಂದ ಕಳಿಸಿದ. ಸ್ಟುಡಿಯೋದಲ್ಲಿ ಸಂಬಳಕ್ಕಿರೋ ತಂಗಿಗೆ ಕೆಲಸ ಆರಿಸಿಕೊಳ್ಳೋ ಅಧಿಕಾರ ಇಲ್ಲ. ಅವಳ ಮೇಲೆ ಕಲ್ಲು ಎತ್ತಬೇಡಿ. ಎಷ್ಟು ಸ್ವಾತಂತ್ರ್ಯ ಇದೆಯೋ ಅಷ್ಟು ಲೆಕ್ಕ ಕೇಳ್ತಾರೆ. ನನ್ನಂಥವನಿಗೆ ಫೋನಿನಲ್ಲಿ "ಇಲ್ಲ ಸರ್" ಅನ್ನೋ ಸ್ವಾತಂತ್ರ್ಯ ಇದೆ. ಅದಕ್ಕೆ ನನ್ನ ಲೆಕ್ಕ ದೊಡ್ಡದು.

ಕೊನೆಯದಾಗಿ ಸಭೆಗೆ ಒಂದು ಮಾತು. ಕೆಟ್ಟ ಕೆಲಸಕ್ಕೆ ಬೇಡ ಅನ್ನೋ ಧೈರ್ಯ ಅರ್ಧ ಬರೋದು ಒಳ್ಳೆ ಕೆಲಸದ ದುಡ್ಡು ಸರಿಯಾದ ಸಮಯಕ್ಕೆ ಬಂದಾಗ. ಸಣ್ಣ ಉದ್ಯಮ ಅಂತ ನೋಂದಾಯಿಸಿಕೊಂಡವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತೆ. ಯಾಜಕಕಾಂಡ 19 ಇನ್ನೂ ಬಿಗಿ: ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಇರಬಾರದು. ಇಲ್ಲಿ ಅಂಗಡಿ, ಕಂಪನಿ ನಡೆಸೋ ಸಹೋದರರಿದ್ದೀರಿ. ನಿಮ್ಮ ಡಿಸೈನರ್, ನಿಮ್ಮ ವೀಡಿಯೋ ಹುಡುಗ, ನಿಮ್ಮ ಪೆಯಿಂಟರ್ ಬಿಲ್ ಕಳಿಸಿ ಕಾಯ್ತಿರಬಹುದು. ಇವತ್ತೇ ಕೊಡಿ. ಕೈಯಲ್ಲಿ ದುಡ್ಡಿಲ್ಲದವನ ಹತ್ತಿರ ದೆವ್ವದ ಫೋನ್ ಬೇಗ ಬರುತ್ತೆ. ಮತ್ತೆ, ಒಬ್ಬ ಯೌವನಸ್ಥ ಮನಸ್ಸಾಕ್ಷಿಗೋಸ್ಕರ ಕೆಲಸ ಬಿಟ್ಟು ಬಂದರೆ ಚಪ್ಪಾಳೆ ತಟ್ಟಿ ಕಳಿಸಬೇಡಿ. "ಈ ತಿಂಗಳು ಮನೆಗೆ ಅಕ್ಕಿ ಇದೆಯಾ ತಮ್ಮಾ?" ಅಂತಲೂ ಕೇಳಿ. ಬೆಂಕಿಯಲ್ಲಿ ಆ ಮೂವರು ಒಟ್ಟಿಗೆ ಇದ್ದರು, ಕರ್ತನು ಜೊತೆಗಿದ್ದ. ಯಾರೂ ಒಬ್ಬಂಟಿಯಾಗಿ ನಿಲ್ಲಲಿಲ್ಲ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಕೈಗಳಿಗೆ ಕೌಶಲ್ಯ ಕೊಟ್ಟವನು ನೀನೇ. ಗುಡಾರ ಯಾವುದು, ವಿಗ್ರಹದ ಗುಡಿ ಯಾವುದು ಅಂತ ತಿಳಿಯೋ ವಿವೇಕ ಕೊಡು. ಬೇಡ ಅನ್ನಬೇಕಾದಾಗ ಬಾಯಿ ಕೊಡು, ಬೇಡ ಅಂದವರ ಮನೆಯಲ್ಲಿ ಒಲೆ ಆರದ ಹಾಗೆ ನೋಡು, ಅದಕ್ಕೆ ನಮ್ಮನ್ನೂ ಬಳಸು. ನಾವು ಮಾಡಿದ ಶಬ್ದ ಕೇಳಿ ಯಾರೂ ಸುಳ್ಳಿಗೆ ಬಗ್ಗದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.